ಇಂಟ್ರಾಓರಲ್ ಸ್ಕ್ಯಾನರ್: ಕೆಲವು ವರ್ಷ ಬಳಸಿದ ದಂತವೈದ್ಯನ ಅನುಭವ

ನಮ್ಮ ಕ್ಲಿನಿಕ್‌ಗೆ ಇಂಟ್ರಾಓರಲ್ ಸ್ಕ್ಯಾನರ್ ಬಂದು ಕೆಲವು ವರ್ಷಗಳಾದವು. ಬಾಯೊಳಗೆ ಬೆಳಕು ಹಾಯಿಸಿ ಚಿತ್ರ ತೆಗೆದು, ಅಚ್ಚಿನ ಬದಲು ಹಲ್ಲುಗಳ ಡಿಜಿಟಲ್ ಮಾದರಿ ಕೊಡುವ ಯಂತ್ರ ಇದು. ಕೊಳ್ಳಲು ಹೊರಟ ಸಹೋದ್ಯೋಗಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಳತೆ ಸರಿಯಾಗಿ ಬರುತ್ತದೆಯೇ? ಒಂದು ಕ್ರೌನ್‌ಗೆ (ಹಲ್ಲಿನ ಮೇಲೆ ಕೂರಿಸುವ ಟೊಪ್ಪಿ), ಮೂರು ಹಲ್ಲಿನ ಬ್ರಿಡ್ಜ್‌ಗೆ (ಒಟ್ಟಿಗೆ ಜೋಡಿಸಿದ ಕೃತಕ ಹಲ್ಲುಗಳು) ಧೈರ್ಯವಾಗಿ ಹೌದು ಎನ್ನುತ್ತೇನೆ. ಪೂರ್ತಿ ದವಡೆಗೆ ಹಾಗೆನ್ನಲಾರೆ. ಮುಂದೆ ಬರೆದಿರುವುದು ಯಾವ ಕಂಪನಿಯ ಯಂತ್ರಕ್ಕೂ ಹೊಂದುವ ಮಾತಾದ್ದರಿಂದ ಬ್ರಾಂಡ್‌ನ ಹೆಸರು ಹೇಳುತ್ತಿಲ್ಲ.

ಅಳತೆ ಕೆಡಿಸುವುದರಲ್ಲಿ ಜೊಲ್ಲಿಗೆ ಮೊದಲ ಸ್ಥಾನ. ಕ್ರೌನ್ ಕೂರಿಸಲು ಅರೆದ ಹಲ್ಲಿನ ಅಂಚಿನಲ್ಲಿ ಒಂದು ಹನಿ ನಿಂತರೂ ಸ್ಕ್ಯಾನರ್ ಆ ಹನಿಯ ಮೇಲ್ಮೈಯನ್ನೇ ಹಲ್ಲೆಂದು ದಾಖಲಿಸುತ್ತದೆ. ಪರದೆಯ ಮೇಲೆ ಎಲ್ಲವೂ ನುಣುಪಾಗಿ, ಚೆಂದವಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಲ್ಯಾಬ್‌ನಿಂದ ಕರೆ ಬರುತ್ತದೆ: ‘ಡಾಕ್ಟರೇ, ಹಿಂಬದಿಯ ಅಂಚು ಮಸುಕಾಗಿದೆ, ಇನ್ನೊಮ್ಮೆ ತೆಗೆದು ಕಳಿಸುತ್ತೀರಾ?’ ಒಸಡಿನ ಕೆಳಗೆ ಇಳಿದ ಅಂಚಿನದು ಇನ್ನೂ ಕಷ್ಟ. ಹಳೆಯ ಪದ್ಧತಿಯಲ್ಲಿ ಅಚ್ಚು ತೆಗೆಯುವ ಸಿಲಿಕೋನ್ ಸಂದಿಗೆ ಹರಿದು ಹೋಗುತ್ತದೆ, ಬೆಳಕು ಹೋಗುವುದಿಲ್ಲ. ಸಂದಿಯಲ್ಲಿ ಸಣ್ಣ ದಾರ (ಕಾರ್ಡ್) ಇಟ್ಟು ಒಸಡನ್ನು ಸರಿಸಿ, ರಕ್ತ ನಿಲ್ಲಿಸಿ, ಗಾಳಿ ಊದಿ ಒಣಗಿಸಿದ ಮೇಲೆಯೇ ಸ್ಕ್ಯಾನ್ ಮಾಡಬೇಕು. ಹಳೆಯ ಲೋಹದ ಕ್ರೌನ್‌ಗಳು ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತವೆ. ಹೊರಗಿನ ಬೆಳಕೂ ತೊಡಕೇ, ಕುರ್ಚಿಯ ಮೇಲಿನ ದೊಡ್ಡ ದೀಪವನ್ನು ನಾನು ಆರಿಸಿಯೇ ಬಿಡುತ್ತೇನೆ. ಜ್ಯೂರಿಕ್‌ನಲ್ಲಿ 1985ರಲ್ಲಿ ಇಂಥ ಸ್ಕ್ಯಾನರ್‌ಗಳ ಆರಂಭದ ಯಂತ್ರವಾದ ಸೆರೆಕ್‌ನಿಂದ ಮೊದಲ ರೋಗಿಗೆ ಚಿಕಿತ್ಸೆ ನೀಡಿದ ಕಾಲದಲ್ಲಿ ಹಲ್ಲಿಗೆ ಬಿಳಿ ಪುಡಿ ಸಿಂಪಡಿಸಬೇಕಿತ್ತು. ಇಂದು ಬಹುತೇಕ ಯಂತ್ರಗಳಿಗೆ ಅದು ಬೇಕಿಲ್ಲ ಎಂಬುದು ದೊಡ್ಡ ಸಮಾಧಾನ.

ಇನ್ನು ಪೂರ್ತಿ ದವಡೆಯ ವಿಷಯ. ಸ್ಕ್ಯಾನರ್‌ನ ತುದಿಗೆ ಒಮ್ಮೆಗೆ ಕಾಣುವುದು ಒಂದೆರಡು ಹಲ್ಲಿನಷ್ಟು ಜಾಗ ಮಾತ್ರ. ಸಾಫ್ಟ್‌ವೇರ್ ಒಂದು ಚಿತ್ರಕ್ಕೆ ಇನ್ನೊಂದನ್ನು ಹೊಂದಿಸುತ್ತಾ ಮುಂದೆ ಸಾಗುತ್ತದೆ. ಪ್ರತಿ ಜೋಡಣೆಯಲ್ಲೂ ಉಳಿಯುವ ಚಿಕ್ಕ ವ್ಯತ್ಯಾಸ, ಗೋಡೆಯ ಮೊದಲ ಸಾಲಿನ ಓರೆಯಂತೆ, ಸಾಗಿದಷ್ಟೂ ಬೆಳೆಯುತ್ತದೆ. ಬಲಬದಿಯ ಕೊನೆಯ ದವಡೆಹಲ್ಲಿನಿಂದ ಹೊರಟವರಿಗೆ ಎಡಬದಿಯ ಕೊನೆಯಲ್ಲಿ ಅದರ ಲೆಕ್ಕ ಸಿಗುತ್ತದೆ. ಆದ್ದರಿಂದ ಸಾಗುವ ದಾರಿ ಮುಖ್ಯ: ಮೊದಲು ಜಗಿಯುವ ಮೇಲ್ಮೈ, ಆಮೇಲೆ ನಾಲಿಗೆಯ ಬದಿ, ಕೊನೆಗೆ ಕೆನ್ನೆಯ ಬದಿ. ಕೆಳಗಿನ ಬಾಚಿಹಲ್ಲುಗಳು ತೆಳ್ಳಗೆ, ನುಣುಪಾಗಿ, ಒಂದರಂತೆ ಒಂದು ಇರುವುದರಿಂದ ಯಂತ್ರಕ್ಕೆ ಗುರುತು ಸಿಗದೆ ದಾರಿ ತಪ್ಪುತ್ತದೆ. ಅಲ್ಲಿ ತುದಿಯನ್ನು ಹಿಂದೆ ಮುಂದೆ ವಾಲಿಸುತ್ತಾ ನಿಧಾನವಾಗಿ ಸಾಗುತ್ತೇನೆ. ಹಲ್ಲೇ ಇಲ್ಲದ ದವಡೆಯಲ್ಲಂತೂ ಗುರುತಿಗೆ ಏನೂ ಇರುವುದಿಲ್ಲ, ಮೇಲಾಗಿ ಒಸಡೂ ಅಲುಗುತ್ತದೆ. ನಿಜವಾದ ಹಲ್ಲು ತನ್ನ ಗೂಡಿನಲ್ಲಿ ತುಸು ಬಾಗಿ ಸಣ್ಣ ತಪ್ಪನ್ನು ಸಹಿಸುತ್ತದೆ. ಮೂಳೆಗೆ ಬೆಸೆದ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಕೂರಿಸುವ ತಿರುಪು) ಸಹಿಸುವುದಿಲ್ಲ. ದವಡೆಯಗಲದ ಇಂಪ್ಲಾಂಟ್ ಬ್ರಿಡ್ಜ್‌ಗೆ ನಾನು ಈಗಲೂ ಸಿಲಿಕೋನ್ ಅಚ್ಚನ್ನೇ ತೆಗೆಯುತ್ತೇನೆ.

ಅಡಿಕೆ ಸೀಮೆಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ವರ್ಷಾನುಗಟ್ಟಲೆ ಅಡಿಕೆ, ಗುಟ್ಕಾ ಜಗಿದ ಕೆಲವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಎರಡು ಬೆರಳಗಲವೂ ತೆರೆಯದಂತಾಗುತ್ತದೆ. ಅಂಥವರಲ್ಲಿ ಮೇಲಿನ ಕೊನೆಯ ದವಡೆಹಲ್ಲಿನ ಹಿಂಬದಿಗೆ ಸ್ಕ್ಯಾನರ್‌ನ ತುದಿ ತಿರುಗುವುದೇ ಇಲ್ಲ. ಕಾಣದೆ ಉಳಿದ ಜಾಗವನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬಿಬಿಡುತ್ತದೆ. ಫೈಲ್ ಕಳಿಸುವ ಮೊದಲು ಮಾದರಿಯನ್ನು ಎಲ್ಲ ಕೋನದಿಂದಲೂ ತಿರುಗಿಸಿ ನೋಡಲೇಬೇಕು.

ಪಾಲನೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಬೆಂದು ಬೆಂದು ತುದಿಯ ಕನ್ನಡಿ ಮಂಕಾಗುತ್ತದೆ, ಬದಲಿಸಲೇಬೇಕು. ಅಳತೆ ಸರಿಯಿದೆಯೇ ಎಂದು ಯಂತ್ರವನ್ನು ಹೊಂದಿಸುವ ಕ್ಯಾಲಿಬ್ರೇಷನ್ ತಪ್ಪಿಸುವಂತಿಲ್ಲ.

ಕೊಳ್ಳುವ ಮೊದಲು ಪ್ರಾತ್ಯಕ್ಷಿಕೆಗೆ ಬಂದ ಕಂಪನಿಯವರ ಪ್ಲಾಸ್ಟರ್ ಮಾದರಿಯನ್ನು ಬದಿಗಿಡಿ. ನಿಮ್ಮ ಸಹಾಯಕರೊಬ್ಬರು ಒಪ್ಪಿದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೇ ದವಡೆಯನ್ನು ನಿಮ್ಮ ಕೈಯಿಂದಲೇ ಎರಡು ಸಲ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ ತೋರಿಸಲು ಹೇಳಿ. ಕೊನೆಯ ದವಡೆಹಲ್ಲುಗಳ ಹತ್ತಿರ ಎಷ್ಟು ಅಂತರ ಬಂದಿದೆ ಎಂದು ನೋಡಿಯೇ ಬೆಲೆ ಮಾತನಾಡಿ.