ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಬಂದ ಮೂರು ಪುಸ್ತಕಗಳು

ಅರಸೀಕೆರೆ ಕಡೆ ಬೀಜ, ಗೊಬ್ಬರ, ಡ್ರಿಪ್ ಪೈಪಿನ ಅಂಗಡಿ ನಡೆಸುತ್ತೇನೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರು, ಅದರಲ್ಲೂ ಹೆಣ್ಣುಮಕ್ಕಳು, "ಅಕ್ಕ, ಜನರ ಹತ್ರ ಮಾತಾಡೋದು ಕಲಿಯೋಕೆ ಯಾವ ಪುಸ್ತಕ ಓದಲಿ?" ಅಂತ ಕೇಳುತ್ತಿರುತ್ತಾರೆ. ಈ ಬಗೆಯ ಪುಸ್ತಕಗಳಿಗೆ ಲೆಕ್ಕವೇ ಇಲ್ಲ. ಓದುವಾಗ ಹುಮ್ಮಸ್ಸು ಬರುತ್ತದೆ, ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಉಳಿದುಕೊಂಡದ್ದು ಮೂರೇ. ಅವುಗಳ ಬಗ್ಗೆ ಹೇಳುತ್ತೇನೆ.

ಮೊದಲನೆಯದು ಡೇಲ್ ಕಾರ್ನೆಗಿ ಬರೆದ 'ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್'. 1936ರ ಪುಸ್ತಕ. ಹೆಸರು ಕೇಳಿದರೆ ಜನರನ್ನು ಮರುಳು ಮಾಡುವ ವಿದ್ಯೆ ಇರಬೇಕು ಅನಿಸುತ್ತದೆ. ಒಳಗೆ ಹಾಗಿಲ್ಲ. ಕಾರ್ನೆಗಿ ಅಮೆರಿಕದ ಮಿಸೌರಿಯ ಬಡ ರೈತರ ಮಗ. 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎ ಅನ್ನುವ ಯುವಕರ ಸಂಘದಲ್ಲಿ ರಾತ್ರಿ ಹೊತ್ತು ಭಾಷಣದ ಪಾಠ ಶುರು ಮಾಡಿದರು. ಒಂದು ತರಗತಿಗೆ 2 ಡಾಲರ್ ಸಂಬಳ ಕೊಡಲೂ ಅಲ್ಲಿಯವರು ಒಪ್ಪಲಿಲ್ಲ, ಕಮಿಷನ್ ಮೇಲೆ ಕಲಿಸಿ ಅಂದರು. ದಿನವಿಡೀ ದುಡಿದು ಬಂದವರಿಗೆ ಪಾಠ ಉಪಯೋಗಕ್ಕೆ ಬಾರದಿದ್ದರೆ ಅವರು ಮತ್ತೆ ಬರುವುದಿಲ್ಲ, ಮೇಷ್ಟ್ರಿಗೂ ದುಡ್ಡಿಲ್ಲ. ಆ ತರಗತಿಗಳಿಂದಲೇ ಈ ಪುಸ್ತಕ ಹುಟ್ಟಿತು. ಸುಮ್ನೆ ಉಪದೇಶ ಮಾಡುವ ಪುಟಗಳು ಇದರಲ್ಲಿ ಕಡಿಮೆ ಇರುವುದಕ್ಕೆ ಅದೇ ಕಾರಣ ಅಂತ ನನಗನಿಸುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೇಳಿಸಿಕೊಳ್ಳುವ ಬಗ್ಗೆ ಇರುವ ಅಧ್ಯಾಯ. ಒಂದು ಊಟದ ಕೂಟದಲ್ಲಿ ಕಾರ್ನೆಗಿ ಒಬ್ಬ ಸಸ್ಯವಿಜ್ಞಾನಿಯ ಮಾತನ್ನು ಗಂಟೆಗಟ್ಟಲೆ ಕೇಳುತ್ತಾ ಕೂರುತ್ತಾರೆ. ತಾವು ಮಾತಾಡಿದ್ದು ಬಹಳ ಕಡಿಮೆ. ಆದರೂ ಆ ವಿಜ್ಞಾನಿ ಹೊರಡುವಾಗ, ಈ ಮನುಷ್ಯ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಅಂತ ಹೊಗಳಿ ಹೋಗುತ್ತಾನೆ.

ನನ್ನ ಅಂಗಡಿಗೆ ಇದು ಎಷ್ಟು ಹೊಂದುತ್ತದೆ ನೋಡಿ. ರೈತರು ಬಂದು, "ತೆಂಗಿಗೆ ಏನೋ ಬಂದೈತೆ ಅಕ್ಕ, ಔಷಧಿ ಕೊಡಿ" ಅನ್ನುತ್ತಾರೆ. ಕೈಗೆ ಸಿಕ್ಕ ಬಾಟಲಿ ಕೊಟ್ಟು ದುಡ್ಡು ಎಣಿಸಿಕೊಳ್ಳುವುದು ಸುಲಭ. ಆದರೆ ಅವರನ್ನು ಕೂರಿಸಿ ಕೇಳಬೇಕು. ಕೆಳಗಿನ ಗರಿಗಳು ಸುಟ್ಟ ಹಾಗೆ ಒಣಗಿವೆಯಾ? ಗರಿಯ ಹಿಂದೆ ಬಲೆಯ ಥರ ಇದೆಯಾ? ಹಾಗಿದ್ದರೆ ಕಪ್ಪು ತಲೆ ಹುಳು. ಕಾಯಿಯ ಮೇಲೆ ಕಂದು ಕಲೆ ಬಿದ್ದು ಸಿಪ್ಪೆ ಒಡೆಯುತ್ತಿದೆಯಾ? ಅದು ನುಸಿ. ಎರಡಕ್ಕೂ ಮದ್ದು ಬೇರೆ. ಕಪ್ಪು ತಲೆ ಹುಳು ಅಂತ ಗೊತ್ತಾದರೆ ನಾನು ಮೊದಲು ಹೇಳುವುದು, ತೋಟಗಾರಿಕೆ ಇಲಾಖೆಯವರು ಬೆಳೆಸುವ ಗೋನಿಯೋಜಸ್ ಪರೋಪಜೀವಿ, ಅಂದರೆ ಆ ಹುಳುವನ್ನು ಕೊಲ್ಲುವ ಸಣ್ಣ ಕೀಟ, ತಂದು ತೋಟದಲ್ಲಿ ಬಿಡಿ ಅಂತ. ಆ ದಿನ ನನಗೆ ವ್ಯಾಪಾರ ಇಲ್ಲ. ಆದರೆ ಹಾಗೆ ಕೂತು ಮಾತಾಡಿ ಹೋದವರು ಮುಂದೆ ಡ್ರಿಪ್ ಹಾಕಿಸುವಾಗ ನಮ್ಮಲ್ಲಿಗೇ ಬರುತ್ತಾರೆ. ಅಂಗಡಿಯಲ್ಲಿ ಹೆಂಗಸು ಕೂತಿದ್ದಾಳೆ ಅಂತ, "ಯಜಮಾನ್ರು ಇಲ್ವಾ?" ಅಂದವರೂ ಎರಡನೇ ಸಲ ಬಂದಾಗ ನೇರವಾಗಿ ನನ್ನನ್ನೇ ಕೇಳುತ್ತಾರೆ. ನಾನು ಜಾಸ್ತಿ ಮಾತಾಡಿ ನನ್ನ ತಿಳಿವಳಿಕೆ ತೋರಿಸಲು ಹೋಗಿದ್ದರೆ ಇದು ಆಗುತ್ತಿರಲಿಲ್ಲ.

ಹೆಸರು ನೆನಪಿಡಿ ಅನ್ನುವ ಪಾಠವೂ ಈ ಪುಸ್ತಕದಲ್ಲಿ ಪ್ರಸಿದ್ಧ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಚುನಾವಣೆ ನಡೆಸಿದ ಜಿಮ್ ಫಾರ್ಲಿ 50,000 ಜನರನ್ನು ಹೆಸರು ಹಿಡಿದು ಕರೆಯಬಲ್ಲವರಾಗಿದ್ದರಂತೆ. ನಮ್ಮ ಕಡೆ ಇದನ್ನು ಹಾಗೇ ಮಾಡಲು ಆಗಲ್ಲ. ವಯಸ್ಸಾದವರನ್ನು ಹೆಸರು ಹಿಡಿದು ಕರೆದರೆ ಮುಖ ಗಂಟಿಕ್ಕುತ್ತಾರೆ. ಗೌಡ್ರೆ, ಯಜಮಾನ್ರೆ, ಅಣ್ಣ, ಇಷ್ಟೇ. ಅದಕ್ಕೇ ನಾನು ಊರು ನೆನಪಿಡುತ್ತೇನೆ, ತೋಟದಲ್ಲಿ ಎಷ್ಟು ಮರ ಇದೆ, ಹೋದ ಬೇಸಿಗೆಯಲ್ಲಿ ಯಾವ ಬೋರ್ ಬತ್ತಿತು ಅನ್ನುವುದನ್ನು ನೆನಪಿಡುತ್ತೇನೆ. "ಆ ಮೂಲೆ ಬೋರಲ್ಲಿ ಈಗ ನೀರು ಹೇಗಿದೆ ಅಣ್ಣ?" ಅಂತ ಕೇಳಿದರೆ ಅವರ ಮುಖವೇ ಬೇರೆಯಾಗುತ್ತದೆ.

ಲಿಂಕನ್ ಅವರ ಕಾಗದದ ಪ್ರಸಂಗ ನನಗೆ ತುಂಬಾ ಇಷ್ಟ. 1863ರ ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಗೆಟ್ಟಿಸ್‌ಬರ್ಗ್ ಯುದ್ಧ ಗೆದ್ದ ಮೇಲೂ ಅವರ ಸೇನಾಪತಿ ಮೀಡ್, ಶತ್ರುಸೇನೆ ತಪ್ಪಿಸಿಕೊಂಡು ಹೋಗಲು ಬಿಟ್ಟರು. ಲಿಂಕನ್ ನೊಂದು ಕಟುವಾದ ಕಾಗದ ಬರೆದರು, ಆದರೆ ಕಳಿಸಲಿಲ್ಲ. ಅವರು ತೀರಿಕೊಂಡ ಮೇಲೆ ಅದು ಅವರ ಕಾಗದಪತ್ರಗಳ ನಡುವೆ ಸಿಕ್ಕಿತು. ಮುಂಗಾರು ಶುರುವಾದಾಗ ಗೊಬ್ಬರದ ಲೋಡ್ ತಡವಾದರೆ ನನಗೆ ಎಷ್ಟು ಸಿಟ್ಟು ಬರುತ್ತದೆ ಅಂತ ಈ ವ್ಯಾಪಾರ ಮಾಡುವವರಿಗೆ ಗೊತ್ತು. ವಾಟ್ಸಾಪ್‌ನಲ್ಲಿ ಅನ್ನಿಸಿದ್ದೆಲ್ಲಾ ಟೈಪ್ ಮಾಡುತ್ತೇನೆ, ಆಮೇಲೆ ಅಳಿಸಿ, ಬೆಳಿಗ್ಗೆ ಫೋನ್ ಮಾಡಿ ಮಾತಾಡುತ್ತೇನೆ. ಲೋಡ್ ಬರುವುದೂ ಮಾತಾಡಿದ ಮೇಲೇ.

ಒಪ್ಪದ ವಿಷಯಗಳೂ ಇವೆ. ವಾದಕ್ಕೆ ಇಳಿಯಬೇಡಿ ಅನ್ನುತ್ತಾರೆ ಕಾರ್ನೆಗಿ. ವಿಷದ ಬಾಟಲಿ ಮಾರುವ ಕಡೆ ಇದು ನಡೆಯಲ್ಲ. ಲೇಬಲ್ ಮೇಲೆ ಬರೆದದ್ದಕ್ಕಿಂತ ಎರಡು ಪಟ್ಟು ಹೊಡೀತೀನಿ ಅಂತ ಒಬ್ಬರು ಹೇಳಿದರೆ, ಬೇಡ ಅಂತ ಗಟ್ಟಿಯಾಗಿ ಹೇಳಲೇಬೇಕು, ಗಿರಾಕಿ ಎದ್ದು ಹೋದರೂ ಸರಿ. ಇನ್ನೊಂದು, ಪುಸ್ತಕದಲ್ಲಿ ಬರುವವರು ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಹಳೆಯ ಆವೃತ್ತಿಯಲ್ಲಿ ಸಂಸಾರದ ಬಗ್ಗೆ ಒಂದು ಭಾಗ ಇದೆ. ಟಾಲ್‌ಸ್ಟಾಯ್, ಲಿಂಕನ್ ಇಬ್ಬರ ಬದುಕು ಕೆಟ್ಟದ್ದಕ್ಕೂ ಅವರ ಹೆಂಡತಿಯರನ್ನೇ ದೂರುತ್ತದೆ. ಓದಿ ಬೇಜಾರಾಯಿತು. 1981ರಲ್ಲಿ ಪರಿಷ್ಕರಿಸಿದಾಗ ಆ ಭಾಗವನ್ನು ತೆಗೆದಿದ್ದಾರೆ, ಒಳ್ಳೆಯದೇ ಆಯಿತು.

ಕೊಳ್ಳುವಾಗ ಸ್ವಲ್ಪ ನೋಡಿ. ಕಾರ್ನೆಗಿ ತೀರಿಕೊಂಡದ್ದು 1955ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿ 60 ವರ್ಷವಾದ ಮೇಲೆ ಅವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದಲೇ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಇದು ಸಿಗುತ್ತದೆ. ಅಗ್ಗದ ಪ್ರತಿಗಳಲ್ಲಿ ಅಕ್ಷರ ಸಣ್ಣದು, ತಪ್ಪುಗಳೂ ಜಾಸ್ತಿ. ಎರಡು ಪುಟ ಓದಿ ನೋಡಿಯೇ ತೆಗೆದುಕೊಳ್ಳಿ.

ಎರಡನೆಯದು ಜಾರ್ಜ್ ಕ್ಲಾಸನ್ ಅವರ 'ದ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್', 1926ರದ್ದು. ಮೊದಲು ಬ್ಯಾಂಕು, ವಿಮೆ ಕಂಪನಿಗಳು ಜನರಿಗೆ ಹಂಚಿದ, ಪ್ರಾಚೀನ ಬ್ಯಾಬಿಲಾನ್ ನಗರದ ಸಣ್ಣ ಸಣ್ಣ ಕಥೆಗಳಿವು. ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಮೊದಲು ಎತ್ತಿಡು ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ದಬಾಸಿರ್ ಅನ್ನುವ ಒಂಟೆ ವ್ಯಾಪಾರಿಯ ಕಥೆ. ಸಾಲ ಮಾಡಿ ಊರು ಬಿಟ್ಟು ಓಡಿ, ಗುಲಾಮನಾಗಿ, ತಪ್ಪಿಸಿಕೊಂಡು ವಾಪಸ್ ಬರುತ್ತಾನೆ. ಬಂದು ಸಾಲ ಕೊಟ್ಟ ಒಬ್ಬೊಬ್ಬರ ಮನೆಗೂ ಹೋಗುತ್ತಾನೆ. ನನ್ನ ದುಡಿಮೆಯಲ್ಲಿ ಹತ್ತಕ್ಕೆ ಏಳು ಪಾಲು ಮನೆಗೆ, ಎರಡು ಪಾಲು ನಿಮ್ಮೆಲ್ಲರಿಗೂ ಹಂಚಿ, ಒಂದು ಪಾಲು ಉಳಿತಾಯಕ್ಕೆ, ಹೀಗೆ ತೀರಿಸುತ್ತೇನೆ ಅನ್ನುತ್ತಾನೆ. ಕೆಲವರು ಬೈಯುತ್ತಾರೆ, ಕೆಲವರು ಒಪ್ಪುತ್ತಾರೆ.

ಉದ್ರಿ ಕೊಡದೆ ಗೊಬ್ಬರದ ಅಂಗಡಿ ನಡೆಯಲ್ಲ. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಂತಾರೆ, ಕೊಬ್ಬರಿ ರೇಟು ಬಿದ್ದರೆ ಅಂಗಡಿ ದಾರಿಯನ್ನೇ ಬಿಡುತ್ತಾರೆ. ಮುಖ ತಪ್ಪಿಸಿ ಓಡಾಡುವವರು ಮೋಸಗಾರರಲ್ಲ, ನಾಚಿಕೆಯಿಂದ ಬರಲ್ಲ. ಈ ಕಥೆ ಓದಿದ ಮೇಲೆ ನಾನೇ ಅವರಿಗೆ ದಾರಿ ತೋರಿಸತೊಡಗಿದೆ. "ಒಟ್ಟಿಗೆ ಬೇಡ ಅಣ್ಣ, ಕೊಬ್ಬರಿ ಮಾರಿದಾಗೆಲ್ಲಾ ಐದರಲ್ಲಿ ಒಂದು ಪಾಲು ಇಲ್ಲಿ ಕೊಟ್ಟು ಹೋಗಿ, ಮಿಕ್ಕಿದ್ದು ಮನೆಗಿರಲಿ." ಎಲ್ಲರೂ ಕೊಟ್ಟಿಲ್ಲ. ಆದರೆ ಜಾಸ್ತಿ ಜನ ಕೊಟ್ಟಿದ್ದಾರೆ, ಅದಕ್ಕಿಂತ ಮುಖ್ಯವಾಗಿ ಅವರು ಮತ್ತೆ ಅಂಗಡಿಗೆ ಬರುತ್ತಿದ್ದಾರೆ. ಪುಸ್ತಕದ ಇಂಗ್ಲಿಷ್ ಮಾತ್ರ ಬೇಕಂತಲೇ ಹಳೇ ಧಾಟಿಯದು, ಮೊದಲ ಪುಟಗಳಲ್ಲಿ ತಾಳ್ಮೆ ಬೇಕು.

ಮೂರನೆಯದು ನಮ್ಮ ಜಿಲ್ಲೆಯವರದ್ದೇ. ಏರ್ ಡೆಕ್ಕನ್ ಅನ್ನುವ ಅಗ್ಗದ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ'. ಕನ್ನಡದಲ್ಲೂ ಬಂದಿದೆ. ವಿಮಾನದ ಕಥೆ ಎಲ್ಲರಿಗೂ ಗೊತ್ತು. 2003ರಲ್ಲಿ ಹುಬ್ಬಳ್ಳಿ-ಬೆಂಗಳೂರು ನಡುವೆ ಶುರುವಾದದ್ದು, ಒಂದು ರೂಪಾಯಿ ಟಿಕೆಟ್, ಕೊನೆಗೆ ಕಿಂಗ್‌ಫಿಷರ್ ವಿಮಾನ ಕಂಪನಿಯ ಪಾಲಾದದ್ದು. ನೀವು ಅದಕ್ಕೂ ಮೊದಲಿನ ಭಾಗ ಬಿಡದೆ ಓದಿ. ಹೇಮಾವತಿ ಅಣೆಕಟ್ಟಿನಲ್ಲಿ ಗೊರೂರಿನ ಮನೆತನದ ಜಮೀನು ಮುಳುಗುತ್ತದೆ, ಬದಲಿಗೆ ಜಾವಗಲ್ ಹತ್ತಿರ ಬರಡು ಭೂಮಿ ಸಿಗುತ್ತದೆ. ಸೈನ್ಯ ಬಿಟ್ಟು ಬಂದ ಗೋಪಿನಾಥ್ ಅಲ್ಲಿ ಟೆಂಟ್ ಹಾಕಿಕೊಂಡು ತೆಂಗು ಬೆಳೆಯಲು ನಿಲ್ಲುತ್ತಾರೆ. ತೋಟದ ಆದಾಯ ಸಾಲದೆ ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್ ಮಾಡುತ್ತಾರೆ. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬರುತ್ತದೆ. ಜಾವಗಲ್ ನಮ್ಮ ತಾಲೂಕು. ಆ ಮಣ್ಣು, ಆ ಬಿಸಿಲು ನನಗೆ ಗೊತ್ತು. ಅದಕ್ಕೇ ಒಂದೊಂದು ಪುಟವನ್ನೂ ನಂಬಿ ಓದಿದೆ.

ವಿಮಾನದ ಭಾಗದಿಂದ ನಾನು ತೆಗೆದುಕೊಂಡದ್ದು ಗಿರಾಕಿ ಯಾರು ಅನ್ನುವ ವಿಚಾರ. ಗೋಪಿನಾಥ್ ನೋಡಿದ್ದು ಬೇರೆ ವಿಮಾನ ಕಂಪನಿಯ ಪ್ರಯಾಣಿಕರನ್ನಲ್ಲ, ರೈಲಿನಲ್ಲಿ ಓಡಾಡುವವರನ್ನು. ಡ್ರಿಪ್ ಅಂದರೆ ಹತ್ತಾರು ಎಕರೆಯವರಿಗೆ ಅಂತ ನಮ್ಮ ಕಡೆ ಎಲ್ಲರೂ ಅಂದುಕೊಂಡಿದ್ದರು. ನಾನು ಒಂದೆಕರೆ ಸೊಪ್ಪು ತರಕಾರಿ ಬೆಳೆಯುವ ಹೆಂಗಸರನ್ನು ಕೇಳತೊಡಗಿದೆ. ಈಗ ನನ್ನ ಪೈಪಿನ ವ್ಯಾಪಾರದಲ್ಲಿ ದೊಡ್ಡ ಪಾಲು ಅವರದೇ. ಪುಸ್ತಕ ದಪ್ಪವಿದೆ, ಕಂಪನಿಯ ಷೇರು, ಬಂಡವಾಳದ ಲೆಕ್ಕಾಚಾರ ಬರುವ ಕಡೆ ಸ್ವಲ್ಪ ಎಳೆದ ಹಾಗಾಗುತ್ತದೆ. ಆ ಪುಟಗಳನ್ನು ಹಾರಿಸಿಕೊಂಡು ಓದಿದರೂ ನಷ್ಟವಿಲ್ಲ. ಇಂಗ್ಲಿಷ್ ಕಷ್ಟ ಅನ್ನುವವರು ಮೂರರಲ್ಲಿ ಇದರಿಂದಲೇ ಶುರು ಮಾಡಿ.