ಕಾರಿನ ಅಲಾರಂ: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಹೊರಗಿನಿಂದ ಕೊಂಡು ಕಾರಿಗೆ ಕೂರಿಸಿದ ಅಲಾರಂ ಒಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕೊಳ್ಳುವಾಗ ಅಂಗಡಿಯವರು ಒತ್ತಿ ಹೇಳಿದ್ದು ಸೈರನ್ನಿನ ಅಬ್ಬರ, ರಿಮೋಟ್ ಎಷ್ಟು ದೂರದಿಂದ ಕೆಲಸ ಮಾಡುತ್ತದೆ ಎಂಬುದು ಮತ್ತು ಮೊಬೈಲಿಗೆ ಬರುವ ಸಂದೇಶ, ಈ ಮೂರನ್ನು. ಇಷ್ಟು ಕಾಲ ಬಳಸಿದ ಮೇಲೆ ನಾನು ಅಲಾರಂ ಒಂದನ್ನು ಅಳೆಯುವುದು ಬೇರೆಯೇ ಗುಣದಿಂದ: ಕೂಗುವ ಅಗತ್ಯವಿಲ್ಲದಾಗ ಅದು ಸುಮ್ಮನಿರುತ್ತದೆಯೇ? ಗಾಳಿಗೂ ಗುಡುಗಿಗೂ ಕೂಗುವ ಅಲಾರಮ್ಮಿಗೆ ಮೊದಲು ನೆರೆಹೊರೆಯವರು ಕಿವಿಗೊಡುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಮಾಲೀಕನೇ ಬೇಸತ್ತು ಅದನ್ನು ಆಫ್ ಮಾಡಿ ಮಲಗುತ್ತಾನೆ. ಅಮೆರಿಕದ ವಿಮಾ ವಲಯದ ಸಂಶೋಧನಾ ಸಂಸ್ಥೆಯಾದ ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್ 1997ರಲ್ಲಿ ವಿಮಾ ದಾವೆಗಳನ್ನು ಪರಿಶೀಲಿಸಿದಾಗ, ಅಲಾರಂ ಇದ್ದ ಕಾರುಗಳಲ್ಲಿ ಕಳ್ಳತನದ ನಷ್ಟ ಒಟ್ಟಾರೆಯಾಗಿ ಕಡಿಮೆಯಾಗಿರುವುದು ಕಂಡುಬರಲಿಲ್ಲ. ಯಾರೂ ತಿರುಗಿ ನೋಡದ ಸದ್ದಿಗೆ ಕಳ್ಳ ಹೆದರಬೇಕಾದ ಕಾರಣವಿಲ್ಲ ಎಂದು ಆ ಫಲಿತಾಂಶವನ್ನು ನಾನು ಅರ್ಥಮಾಡಿಕೊಂಡಿದ್ದೇನೆ.

ನನ್ನ ಕಾರಿನಲ್ಲಿರುವ ವ್ಯವಸ್ಥೆಯಲ್ಲಿ ಡ್ಯಾಶ್‌ಬೋರ್ಡಿನ ಒಳಗಿನ ಮುಖ್ಯ ಪೆಟ್ಟಿಗೆ, ಶಾಕ್ ಸೆನ್ಸರ್, ಕಾರಿನ ಒಳಗಿನ ಚಲನೆಯನ್ನು ಗ್ರಹಿಸುವ ಅಲ್ಟ್ರಾಸಾನಿಕ್ ಸೆನ್ಸರ್, ವಾಲುವಿಕೆಯನ್ನು ಅಳೆಯುವ ಟಿಲ್ಟ್ ಸೆನ್ಸರ್, ಬಾನೆಟ್ ಸ್ವಿಚ್, ತನ್ನದೇ ಬ್ಯಾಟರಿಯಿರುವ ಸೈರನ್ ಮತ್ತು ಸ್ಟಾರ್ಟರ್ ಮೋಟಾರಿನ ವಿದ್ಯುತ್ತನ್ನು ತಡೆಯುವ ರಿಲೇ ಇವೆ. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದೇ ಬಗೆಯ ಪೆಟ್ಟಿಗೆ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವ ವಸ್ತುವಿದು. ಹೆಸರಿಗಿಂತ ಒಳಗೆ ಏನೇನಿದೆ ಮತ್ತು ಅದನ್ನು ಹೇಗೆ ಕೂರಿಸಲಾಗಿದೆ ಎಂಬುದನ್ನು ತಿಳಿದರೆ ಕೊಳ್ಳುವವರಿಗೆ ಹೆಚ್ಚು ಉಪಯೋಗ.

ಹುಸಿ ಕೂಗಿನ ವಿಷಯದಲ್ಲಿ ಮೊದಲು ಗಮನಿಸಬೇಕಾದುದು ಶಾಕ್ ಸೆನ್ಸರನ್ನು. ಬೆಂಕಿಪೊಟ್ಟಣದಷ್ಟೇ ಇರುವ ಈ ಪೆಟ್ಟಿಗೆ ಕಾರಿನ ಮೈಗೆ ತಗುಲಿದ ಪೆಟ್ಟಿನ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಸಾಮಾನ್ಯವಾಗಿ ಇದರಲ್ಲಿ ಎರಡು ಹಂತಗಳಿರುತ್ತವೆ: ಸಣ್ಣ ತಟ್ಟುವಿಕೆಗೆ ಒಂದೆರಡು ಬಾರಿ ಚಿಲಿಪಿಲಿ ಎನ್ನುವ ಎಚ್ಚರಿಕೆ, ಜೋರಾದ ಪೆಟ್ಟಿಗೆ ಪೂರ್ಣ ಸೈರನ್. ಎರಡು ಹಂತವಿಲ್ಲದ ಸೆನ್ಸರನ್ನು ಯಾರಿಗೂ ಶಿಫಾರಸು ಮಾಡಲಾರೆ. ನನ್ನ ಕಾರಿನಲ್ಲಿ ಇದನ್ನು ಮೊದಲು ಕೂರಿಸಿದವರು ಡ್ಯಾಶ್‌ಬೋರ್ಡಿನ ಕೆಳಗಿನ ಪ್ಲಾಸ್ಟಿಕ್ಕಿಗೆ ಎರಡು ಬದಿ ಅಂಟಿರುವ ಟೇಪಿನಿಂದ ಅಂಟಿಸಿದ್ದರು. ಕೆಲವು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು. ನಂತರ ಬಿಸಿಲಿಗೆ ಅಂಟು ಮೆತ್ತಗಾಗಿ ಸೆನ್ಸರ್ ತನ್ನ ವೈರಿಗೇ ಜೋತುಬಿದ್ದು, ಪಕ್ಕದಲ್ಲಿ ಲಾರಿ ಹಾದುಹೋದರೂ ಸಾಕು, ಪ್ಲಾಸ್ಟಿಕ್ಕಿಗೆ ತಾಗಿ ತನ್ನ ಪೆಟ್ಟನ್ನು ತಾನೇ ಎಣಿಸತೊಡಗಿತು. ಬೇರೊಬ್ಬ ಎಲೆಕ್ಟ್ರಿಷಿಯನ್ ಅದನ್ನು ಸ್ಟೇರಿಂಗಿನ ಬಳಿಯ ಲೋಹದ ಪಟ್ಟಿಗೆ ಸ್ಕ್ರೂನಿಂದ ಬಿಗಿದ ಮೇಲೆ ಆ ತೊಂದರೆ ಮರಳಲಿಲ್ಲ.

ಸೂಕ್ಷ್ಮತೆಯನ್ನು ಹೊಂದಿಸುವ ಕೆಲಸವನ್ನು ಅಂಗಡಿಯವರಿಗೇ ಬಿಡದೆ ಎದುರಿಗೆ ನಿಂತು ಮಾಡಿಸಬೇಕು, ಸಾಧ್ಯವಾದರೆ ತಾವೇ ಮಾಡಿಕೊಳ್ಳಬೇಕು. ಸೆನ್ಸರಿನ ಮೈಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ತಿರುಪು ಇರುತ್ತದೆ. ಅದನ್ನು ಪೂರ್ತಿ ಕೆಳಗಿಳಿಸಿ, ಬಾಗಿಲು ಮುಚ್ಚಿ ಅಲಾರಂ ಆನ್ ಮಾಡಿ, ಅರ್ಧ ನಿಮಿಷ ಕಾದು, ಬಾಗಿಲುಗಳ ನಡುವಿನ ಕಂಬಕ್ಕೆ ಮುಷ್ಟಿಯಿಂದ ಗುದ್ದಿ ನೋಡುವುದು. ಕೂಗದಿದ್ದರೆ ತಿರುಪನ್ನು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿ ಮತ್ತೆ ಗುದ್ದುವುದು. ಪರೀಕ್ಷೆಗೆಂದು ಗಾಜಿಗೆ ಗುದ್ದಬಾರದು. ಗಾಜು ಒಡೆಯುವಷ್ಟು ಪೆಟ್ಟಿಗೆ ಸೈರನ್ ಕೂಗಬೇಕು, ಬೆಕ್ಕು ಬಾನೆಟ್ಟಿನ ಮೇಲೆ ಹಾರಿದರೆ ಕೂಗಬಾರದು. ಇವೆರಡರ ನಡುವೆ ಅಂತರ ಸಾಕಷ್ಟಿರುವುದರಿಂದ ತಾಳ್ಮೆಯಿದ್ದರೆ ಸರಿಯಾದ ಜಾಗ ಸಿಕ್ಕೇ ಸಿಗುತ್ತದೆ.

ಅಲ್ಟ್ರಾಸಾನಿಕ್ ಸೆನ್ಸರಿನ ಎರಡು ಪುಟ್ಟ ಕಣ್ಣುಗಳು ಮುಂದಿನ ಗಾಜಿನ ಎರಡೂ ಬದಿಯ ಕಂಬಗಳ ಮೇಲಿವೆ. ಒಂದು ಕಣ್ಣು ಸುಮಾರು 40 ಕಿಲೋಹರ್ಟ್ಸ್‌ನ, ಅಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಏರುಸ್ವರದ ಶಬ್ದವನ್ನು ಹೊರಡಿಸುತ್ತದೆ, ಇನ್ನೊಂದು ಅದರ ಪ್ರತಿಫಲನವನ್ನು ಆಲಿಸುತ್ತದೆ. ಒಳಗೆ ಏನಾದರೂ ಅಲುಗಾಡಿದರೆ ಪ್ರತಿಫಲನ ಬದಲಾಗುತ್ತದೆ. ಗಾಜುಗಳನ್ನು ಪೂರ್ತಿ ಏರಿಸಿದ್ದರೆ ಇದು ಅತ್ಯಂತ ನಂಬಿಕೆಗೆ ಅರ್ಹ. ಆದರೆ ಸೆಕೆಗೆಂದು ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಟ್ಟರೂ ಗಾಳಿಯ ಓಡಾಟವನ್ನೇ ಕಳ್ಳನೆಂದು ಭಾವಿಸಬಹುದು. ಕನ್ನಡಿಗೆ ತೂಗುಹಾಕಿದ ಅಲಂಕಾರದ ವಸ್ತು, ಒಳಗೆ ಸಿಕ್ಕಿಬಿದ್ದ ದೊಡ್ಡ ಪತಂಗ ಇವೂ ಸಾಲುತ್ತವೆ. ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಬೀಗ ಹಾಕಿದ ಕಾರಿನಲ್ಲಿ ಬಿಡಲೇಬಾರದು ಎಂಬುದು ಬೇರೆ ಮಾತು. ಆದರೆ ಯಾರಾದರೂ ಒಳಗೇ ಕುಳಿತು ಕಾಯುವ ಸಂದರ್ಭ ಬಂದಾಗ ಈ ಒಂದು ಸೆನ್ಸರನ್ನಷ್ಟೇ ಆಫ್ ಮಾಡುವ ಗುಂಡಿ ರಿಮೋಟಿನಲ್ಲಿರುವುದು ಬಹಳ ಅನುಕೂಲ. ಮೇಲ್ಛಾವಣಿ ತೆರೆಯುವ ಕಾರಿನವರು ಇದರ ಬದಲು ಮೈಕ್ರೋವೇವ್ ಸೆನ್ಸರನ್ನು ಹಾಕಿಸುವುದು ವಾಡಿಕೆ. ಅದಕ್ಕೆ ಗಾಳಿಯ ಕಾಟವಿಲ್ಲ. ಆದರೆ ಅದರ ಅಲೆಗಳು ಗಾಜನ್ನು ದಾಟಿ ಹೊರಗೂ ಹೋಗುವುದರಿಂದ, ಸೂಕ್ಷ್ಮತೆ ಹೆಚ್ಚಾದರೆ ದಾರಿಹೋಕರಿಗೂ ಕೂಗುತ್ತದೆ.

ಟಿಲ್ಟ್ ಸೆನ್ಸರನ್ನು ಅನೇಕರು ಅನಗತ್ಯ ಖರ್ಚೆಂದು ಬಿಡುತ್ತಾರೆ, ನಾನು ಹಾಗೆ ಹೇಳಲಾರೆ. ಚಕ್ರ ಕದಿಯುವವರು, ಕಾರನ್ನು ಎತ್ತಿ ಎಳೆದುಕೊಂಡು ಹೋಗುವವರು, ಅಡಿಯಲ್ಲಿ ನುಸುಳಿ, ಎಂಜಿನ್ನಿನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸುವವರು ಗಾಜನ್ನೂ ಬಾಗಿಲನ್ನೂ ಮುಟ್ಟುವುದೇ ಇಲ್ಲ. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳಿರುವುದರಿಂದ ಅದೊಂದಕ್ಕೇ ಕಳ್ಳರು ಬರುತ್ತಾರೆ. ಜಾಕ್ ಹಾಕಿ ಕಾರನ್ನು ಎತ್ತಿದ ಕ್ಷಣ ಎಚ್ಚರಗೊಳ್ಳುವುದು ಟಿಲ್ಟ್ ಸೆನ್ಸರ್ ಮಾತ್ರ. ಅಲಾರಂ ಆನ್ ಆದಾಗ ಇದ್ದ ಕೋನವನ್ನೇ ಅದು ಆಧಾರವಾಗಿ ಇಟ್ಟುಕೊಳ್ಳುವುದರಿಂದ ಇಳಿಜಾರಿನಲ್ಲಿ ನಿಲ್ಲಿಸಿದರೂ ತೊಂದರೆಯಿಲ್ಲ. ಕಾರನ್ನು ದೋಣಿಯಲ್ಲೋ ಯಾಂತ್ರಿಕ ಪಾರ್ಕಿಂಗಿನಲ್ಲೋ ಸಾಗಿಸುವಾಗ ಮಾತ್ರ ಆಫ್ ಮಾಡಬೇಕು.

ಇಷ್ಟೆಲ್ಲ ಸೆನ್ಸರುಗಳ ನಡುವೆ ದೀರ್ಘಾವಧಿಯಲ್ಲಿ ನನಗೆ ಹೆಚ್ಚು ತಲೆನೋವು ಕೊಟ್ಟದ್ದು ಅತ್ಯಂತ ಅಗ್ಗದ ಭಾಗವಾದ ಬಾನೆಟ್ ಸ್ವಿಚ್. ಸ್ಪ್ರಿಂಗಿನ ಮೇಲೆ ನಿಂತ ಆ ಪುಟ್ಟ ಕಡ್ಡಿ ನೀರು, ಧೂಳು, ಎಂಜಿನ್ನಿನ ಶಾಖ ಮೂರನ್ನೂ ಒಟ್ಟಿಗೇ ಅನುಭವಿಸುತ್ತದೆ. ಮಳೆಯ ರಾತ್ರಿಗಳಲ್ಲಿ ಮಾತ್ರ ಸೈರನ್ ಕೂಗುತ್ತಿದ್ದಾಗ ಎಲ್ಲರೂ ಶಾಕ್ ಸೆನ್ಸರನ್ನೇ ಅನುಮಾನಿಸಿದರು. ಸ್ವಿಚ್ಚಿನ ರಬ್ಬರ್ ಟೋಪಿ ಬಿರಿದು ಒಳಗೆ ತೇವ ಸೇರಿ, ಬಾನೆಟ್ ತೆರೆದಿದೆ ಎಂಬ ತಪ್ಪು ಸಂಕೇತ ಹೋಗುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಅದೇ ತುಕ್ಕು ಇನ್ನೊಂದು ರೀತಿಯಲ್ಲಿ ಹಿಡಿದಿದ್ದರೆ ಬಾನೆಟ್ ತೆರೆದರೂ ಸಂಕೇತವೇ ಹೋಗುತ್ತಿರಲಿಲ್ಲ, ಅದು ಇನ್ನೂ ಅಪಾಯಕಾರಿ. ಕೊನೆಯ ಬಾರಿ ಯಾವ ಸೆನ್ಸರಿನಿಂದ ಕೂಗಿತು ಎಂಬುದನ್ನು ಮಿನುಗುವ ದೀಪದ ಎಣಿಕೆಯಿಂದ ತಿಳಿಸುವ ಅಲಾರಂಗಳಿವೆ. ಕೊಳ್ಳುವಾಗ ಈ ಸೌಲಭ್ಯವನ್ನು ಕೇಳಿ ಪಡೆಯಿರಿ. ಅದಿದ್ದರೆ ಇಂತಹ ಹುಡುಕಾಟ ವಾರಗಟ್ಟಲೆ ನಡೆಯುವುದಿಲ್ಲ.

ಸೈರನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 97ರ ಪ್ರಕಾರ ಎರಡು ಮೀಟರ್ ದೂರದಲ್ಲಿ ಸೈರನ್ ಕನಿಷ್ಠ 105, ಗರಿಷ್ಠ 118 ಡೆಸಿಬಲ್ ಇರಬೇಕು ಮತ್ತು ಒಂದು ಬಾರಿಗೆ 25ರಿಂದ 30 ಸೆಕೆಂಡುಗಳಷ್ಟು ಕಾಲ ಕೂಗಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ 110 ಇದ್ದದ್ದು 64 ಮೀಟರಿನಲ್ಲಿ ಸುಮಾರು 80 ಆಗುತ್ತದೆ, ಗೋಡೆ ಮತ್ತು ಮುಚ್ಚಿದ ಕಿಟಕಿಯ ಆಚೆಗೆ ಇನ್ನೂ ಕಡಿಮೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಡೆಸಿಬಲ್ ಸಂಖ್ಯೆಗಿಂತ ಸೈರನ್ನಿಗೆ ಸ್ವಂತ ಬ್ಯಾಟರಿ ಇದೆಯೇ ಎಂಬುದೇ ಮುಖ್ಯ. ಅದಿಲ್ಲದಿದ್ದರೆ ಕಾರಿನ ಬ್ಯಾಟರಿಯ ಒಂದು ವೈರನ್ನು ಕಿತ್ತರೆ ಆಟ ಮುಗಿಯಿತು. ಈ ಒಳಬ್ಯಾಟರಿಯೂ ಕೆಲವು ವರ್ಷಗಳಲ್ಲಿ ಸೊರಗುತ್ತದೆ; ನನ್ನದು ಸೊರಗಿ, ಸೈರನ್ನನ್ನೇ ಬದಲಿಸಬೇಕಾಯಿತು. ಸೈರನ್ನಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ನೀರು ತುಂಬುತ್ತದೆ. ಚಕ್ರದ ಕಮಾನಿನ ಕಡೆಯಿಂದ ಕೈಗೆಟುಕುವ ಜಾಗದಲ್ಲಿ ಮಾತ್ರ ಇಡಿಸಬೇಡಿ.

ರಿಮೋಟಿನ ವಿಚಾರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾದದ್ದು. ಹಳೆಯ ರಿಮೋಟುಗಳು ಪ್ರತಿ ಬಾರಿಯೂ ಒಂದೇ ಸಂಕೇತವನ್ನು ಕಳಿಸುತ್ತಿದ್ದವು, ಅದನ್ನು ಹಿಡಿದಿಟ್ಟುಕೊಂಡವನು ಯಾವಾಗ ಬೇಕಾದರೂ ಮರುಪ್ರಸಾರ ಮಾಡಬಹುದಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ಒತ್ತಿದಾಗಲೆಲ್ಲ ಬದಲಾಗುವ ರೋಲಿಂಗ್ ಕೋಡ್. ಇದಕ್ಕೆ ಬಹುಕಾಲ ಬಳಕೆಯಾದ ಕೀಲಾಕ್ ಎಂಬ ತಂತ್ರ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡು 1995ರಲ್ಲಿ ಮೈಕ್ರೋಚಿಪ್ ಕಂಪನಿಯ ಕೈಸೇರಿತು. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್ಪಿನ ವಿದ್ಯುತ್ ಬಳಕೆಯ ಏರಿಳಿತವನ್ನು ಅಳೆದೇ ಅದರ ಗುಟ್ಟಿನ ಕೀಲಿಯನ್ನು ಹೊರತೆಗೆದು ತೋರಿಸಿದರು. ಹಾಗೆಂದು ರೋಲಿಂಗ್ ಕೋಡ್ ನಿಷ್ಪ್ರಯೋಜಕವಲ್ಲ. ಬೀದಿಯ ಸಾಮಾನ್ಯ ಕಳ್ಳನಿಗೆ ಅದು ಇಂದಿಗೂ ಅಡ್ಡಿಯೇ. ಆದರೆ ಹೊಸದಾಗಿ ಕೊಳ್ಳುವವರು, ಅಲಾರಮ್ಮೇ ಪ್ರಶ್ನೆಯೊಂದನ್ನು ಕಳಿಸಿ ರಿಮೋಟಿನಿಂದ ಉತ್ತರ ಪಡೆದು ಪರೀಕ್ಷಿಸುವ ದ್ವಿಮುಖ ಸಂವಹನದ ಮಾದರಿಯನ್ನು ಆರಿಸುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಬಿರುಕು ಇನ್ನೊಂದಿದೆ. ಗುಂಡಿ ಒತ್ತದೆಯೇ ತೆರೆಯುವ ಕೀಲಿಗಳಲ್ಲಿ ಕಾರು ಮತ್ತು ಕೀಲಿಯ ನಡುವಿನ ಸಂಕೇತವನ್ನು ಇಬ್ಬರು ಕಳ್ಳರು ಎರಡು ಉಪಕರಣಗಳಿಂದ ಉದ್ದಕ್ಕೆ ಎಳೆದು, ಮನೆಯೊಳಗಿನ ಕೀಲಿ ಕಾರಿನ ಪಕ್ಕದಲ್ಲೇ ಇದೆಯೆಂದು ಕಾರನ್ನು ನಂಬಿಸಬಹುದು. 2011ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ತಯಾರಕರ ಹತ್ತು ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿ ಯಶಸ್ವಿಯಾದರು. ಹೊರಗಿನಿಂದ ಹಾಕಿಸುವ ಅನೇಕ ಅಲಾರಂಗಳು ಕಾರಿನ ಮೂಲ ಕೀಲಿಯಿಂದಲೇ ಆಫ್ ಆಗುತ್ತವೆ, ಮಾರುವವರು ಇದನ್ನು ಅನುಕೂಲವೆಂದೇ ವರ್ಣಿಸುತ್ತಾರೆ. ಆದರೆ ಕೀಲಿಯ ಸಂಕೇತವನ್ನು ಎಳೆದು ಬಾಗಿಲು ತೆರೆದ ಕಳ್ಳನಿಗೆ ಅಂತಹ ಅಲಾರಮ್ಮೂ ಬಾಗಿಲಿನ ಜೊತೆಗೇ ತಲೆಬಾಗುತ್ತದೆ. ಆದ್ದರಿಂದಲೇ ನಾನು, ಕೀಲಿಯಲ್ಲದೆ ಪ್ರತ್ಯೇಕ ಟ್ಯಾಗ್, ಅಂದರೆ ಅಲಾರಂ ಗುರುತಿಸುವ ಇನ್ನೊಂದು ಪುಟ್ಟ ಸಾಧನ, ಬೇಕಾಗುವ ಮಾದರಿಯನ್ನು ಆರಿಸಿಕೊಂಡೆ. ಜೇಬಿನಲ್ಲಿ ಇನ್ನೊಂದು ವಸ್ತುವನ್ನು ಹೊರುವ ಕಿರಿಕಿರಿ ನಿಜ, ಅದರ ಬಟನ್ ಸೆಲ್ಲನ್ನು ಆಗಾಗ ಬದಲಿಸುವ ಕೆಲಸವೂ ಇದೆ. ಅದನ್ನು ಸಹಿಸಬಹುದು.

ಅಲಾರಂ ಕಾರನ್ನು ನಿಲ್ಲಿಸುವುದಿಲ್ಲ, ನಿಲ್ಲಿಸುವುದು ಸರಿಯಾದ ಕೀಲಿಯಿಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್. ಯುರೋಪಿಯನ್ ಒಕ್ಕೂಟ 1998ರಿಂದ, ಆಸ್ಟ್ರೇಲಿಯಾ 2001ರಿಂದ, ಕೆನಡಾ 2007ರಿಂದ ಹೊಸ ಕಾರುಗಳಲ್ಲಿ ಅದನ್ನು ಕಡ್ಡಾಯ ಮಾಡಿವೆ. ನಿಮ್ಮ ಕಾರಿನಲ್ಲಿ ಅದಿಲ್ಲದಿದ್ದರೆ ಮೊದಲ ಹಣ ಅದಕ್ಕೇ ಹೋಗಲಿ, ಸೈರನ್ ಆಮೇಲೆ. ನನ್ನ ಅಲಾರಮ್ಮಿನ ರಿಲೇ ಸ್ಟಾರ್ಟರನ್ನು ಮಾತ್ರ ತಡೆಯುತ್ತದೆ. ಓಡುತ್ತಿರುವ ಎಂಜಿನ್ನನ್ನು ಮಧ್ಯದಲ್ಲೇ ನಿಲ್ಲಿಸುವ ಸೌಲಭ್ಯವನ್ನು ನಾನು ಒಪ್ಪಲಿಲ್ಲ, ಏಕೆಂದರೆ ಒಂದು ಸಡಿಲ ವೈರು ಸಾಕು, ಅದು ವೇಗದ ರಸ್ತೆಯಲ್ಲಿ ಮಾಲೀಕನ ಮೇಲೆಯೇ ತಿರುಗಿಬೀಳಲು.

ಬ್ಯಾಟರಿಯ ಲೆಕ್ಕವನ್ನೂ ಗಮನಿಸಿ. ಅಲಾರಂ ಎಚ್ಚರವಾಗಿರುವಾಗ 20 ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಗಂಟೆ ಖರ್ಚಾಗುತ್ತದೆ. ಕಾರಿನ ಉಳಿದ ಉಪಕರಣಗಳ 30 ಮಿಲಿಆಂಪಿಯರನ್ನೂ ಸೇರಿಸಿದರೆ, 60 ಆಂಪಿಯರ್-ಗಂಟೆಯ ಬ್ಯಾಟರಿ ಇಪ್ಪತ್ತೈದು ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ದಿನವೂ ಓಡುವ ಕಾರಿಗೆ ಇದು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಚಾರ್ಜರ್ ಬೇಕಾಗುತ್ತದೆ. ಬ್ಯಾಟರಿಯ ವೋಲ್ಟೇಜ್ ಕುಸಿದಾಗಲೂ ಕೆಲವು ಅಲಾರಂಗಳು ಹುಸಿಯಾಗಿ ಕೂಗುತ್ತವೆ.

ಮೊಬೈಲ್ ಆ್ಯಪ್ ಈ ವ್ಯವಸ್ಥೆಯ ಅತ್ಯಂತ ದುರ್ಬಲ ಅಂಗ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಸಂದೇಶವೇ ಬರುವುದಿಲ್ಲ. ಆ್ಯಪ್ ಹೊಸ ರೂಪಕ್ಕೆ ಬದಲಾದಾಗ ನನ್ನ ಹಳೆಯ ಪೆಟ್ಟಿಗೆಯ ಕೆಲವು ಆಯ್ಕೆಗಳು ಕಾಣೆಯಾದವು, ದೂರಿಗೆ ಬಂದ ಉತ್ತರ ಹೊಸ ಪೆಟ್ಟಿಗೆ ಕೊಳ್ಳಿ ಎಂಬಂತಿತ್ತು. ಇನ್ನೊಮ್ಮೆ ಕೊಳ್ಳುವುದಾದರೆ ಇದೇ ಸೆನ್ಸರುಗಳನ್ನೂ ಇದೇ ಟ್ಯಾಗನ್ನೂ ಆರಿಸಿಕೊಂಡು ಆ್ಯಪ್ ಇಲ್ಲದ ಮಾದರಿಯನ್ನೇ ತರುತ್ತೇನೆ, ಉಳಿದ ಹಣವನ್ನು ಒಳ್ಳೆಯ ವೈರಿಂಗ್ ಕೆಲಸಕ್ಕೆ ಕೊಡುತ್ತೇನೆ. ಮೂಲ ವೈರನ್ನು ಚುಚ್ಚಿ ಕಚ್ಚಿಕೊಳ್ಳುವ ಕ್ಲಿಪ್ಪುಗಳು ಕಾಲಕ್ರಮೇಣ ತುಕ್ಕು ಹಿಡಿಯುತ್ತವೆ. ಬೆಸುಗೆ ಹಾಕಿ, ಟೇಪು ಸುತ್ತಿ, ಕಾರಿನ ಮೂಲ ವೈರುಗಳ ಜೊತೆಗೇ ಸೇರಿಸಿ ಕಟ್ಟಿದ ಕೆಲಸ ಉಳಿಯುತ್ತದೆ, ಕಳ್ಳನ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ.

ಕಾರನ್ನು ಅಂಗಡಿಯಿಂದ ಹೊರತರುವ ಮುನ್ನ ಅಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಚಾಲಕನ ಗಾಜನ್ನು ಇಳಿಸಿಟ್ಟು ಅಲಾರಂ ಆನ್ ಮಾಡಿ, ಒಂದು ನಿಮಿಷ ಕಾದು ಕೈಯನ್ನು ನಿಧಾನವಾಗಿ ಒಳಗೆ ಚಾಚಿ. ನಂತರ ಬಾನೆಟ್ಟನ್ನು ಮೊದಲೇ ತೆರೆದಿಟ್ಟು ಅದರ ಸ್ವಿಚ್ಚನ್ನು ಒಬ್ಬರು ಒತ್ತಿ ಹಿಡಿದಿರುವಂತೆ ಅಲಾರಂ ಆನ್ ಮಾಡಿಸಿ, ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿಸಿ; ಸೈರನ್ ತನ್ನ ಸ್ವಂತ ಬಲದಿಂದ ಪೂರ್ಣ ಸ್ವರದಲ್ಲಿ ಕೂಗಬೇಕು. ಬ್ಯಾಟರಿ ಬಿಚ್ಚಿ ಮತ್ತೆ ಜೋಡಿಸಿದಾಗ ಕಾರಿನ ರೇಡಿಯೋ ಕೋಡ್ ಕೇಳುವಂತಿದ್ದರೆ ವೈರು ಬಿಚ್ಚಿಸುವ ಮುನ್ನ ಅದನ್ನು ಕೈಯಲ್ಲಿಟ್ಟುಕೊಳ್ಳಿ. ಈ ಎರಡರಲ್ಲಿ ಯಾವುದಕ್ಕೆ ಸೈರನ್ ಕೂಗದಿದ್ದರೂ ಬಿಲ್ ಪಾವತಿಸುವ ಮೊದಲೇ ಅದನ್ನು ಸರಿಮಾಡಿಸಿಕೊಳ್ಳಿ.