ಈ ರೋಮ್ ಸಿನಿಮಾ ನಂಬಿ ಕ್ವಿಜ್ ಮಾಡಿಸಬೇಡಿ, ನಾನು ಮಾಡಿಸಿ ಕೆಟ್ಟೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ದಿನ ಮಕ್ಕಳಿಗೆ ಕ್ವಿಜ್ ಇರುತ್ತದೆ. ಈ ಸಲ ವಿಶ್ವ ಇತಿಹಾಸದ ಸುತ್ತು ನನ್ನ ತಲೆಗೆ ಬಿತ್ತು. ನಾಳೆ ಮಾಡಿದರಾಯಿತು ಅಂತ ತಳ್ಳಿಕೊಂಡು ಬಂದು, ಹಿಂದಿನ ರಾತ್ರಿಯೂ ಪುಸ್ತಕ ತೆಗೆಯದೆ ಟಿವಿ ಮುಂದೆ ಕೂತಿದ್ದೆ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ನನ್ನ ಹೆಂಡತಿ 2007ರ ‘ದಿ ಲಾಸ್ಟ್ ಲೀಜನ್’ ಹಾಕಿದಳು. ಪಶ್ಚಿಮ ರೋಮ್ ಸಾಮ್ರಾಜ್ಯದ ಕೊನೆಯ ದಿನಗಳ ಕಥೆ. ಕಾಲಿನ್ ಫರ್ತ್, ಬೆನ್ ಕಿಂಗ್ಸ್ಲಿ ಇದ್ದಾರೆ. ಮೂಲ ಕಾದಂಬರಿ ಬರೆದವರು ಇಟಲಿಯ ಪುರಾತತ್ವ ವಿದ್ವಾಂಸರು. ಇನ್ನೇನು ಬೇಕು? ಒಂದು ಕೈಯಲ್ಲಿ ಕಡಲೆಕಾಯಿ, ಇನ್ನೊಂದು ಕೈಯಲ್ಲಿ ಪೆನ್ನು. ಸಿನಿಮಾ ಮುಗಿಯುವಷ್ಟರಲ್ಲಿ ರೋಮ್ ಬಗ್ಗೆ ಐದು ಪ್ರಶ್ನೆ ಸಿದ್ಧ.

ಮರುದಿನ ಕೇಳಿದೆ. ‘ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಪಟ್ಟ ಕಳೆದುಕೊಂಡದ್ದು ಯಾವ ವರ್ಷ?’ ಸಿನಿಮಾ ಕಥೆ ನಡೆಯುವುದು ಕ್ರಿ.ಶ. 460ರಲ್ಲಿ. ನನ್ನ ಉತ್ತರವೂ ಅದೇ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು 476 ಅಂದಳು. ತಪ್ಪು ಅಂತ ಗಂಟೆ ಬಾರಿಸಿದೆ. ಆ ಒಂದೇ ಪಾಯಿಂಟಿನಲ್ಲಿ ಅವಳಿಗೆ ಮೊದಲ ಬಹುಮಾನ ತಪ್ಪಿತು.

ಬಹುಮಾನ ಕೊಟ್ಟಾದ ಮೇಲೆ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ‘ಅಲ್ಲಪ್ಪಾ, ಈ 460 ಅನ್ನೋದನ್ನ ಎಲ್ಲಿ ಓದಿದೆ?’ ಅಂದರು. ಸಿನಿಮಾದಲ್ಲಿ ನೋಡಿದೆ ಅನ್ನಲು ಬಾಯಿ ಬರಲಿಲ್ಲ. ‘ಎಲ್ಲೋ ನೋಡಿದ್ದೆ ಸಾರ್’ ಅಂದೆ. ಅವರು ಸುಮ್ನೆ ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ಕೂತು ಓದಿದೆ. ಓದಿದಷ್ಟೂ ಮೈ ಬಿಸಿಯಾಯಿತು. ತಪ್ಪಿದ್ದು ಇಸವಿ ಒಂದೇ ಅಲ್ಲ.

ನಿಜವಾಗಿ ನಡೆದದ್ದು ಹೀಗೆ. ಒರೆಸ್ಟೆಸ್ ಅನ್ನೋನು ರೋಮಿನ ದಂಡನಾಯಕ. ಹಿಂದೆ ಹೂಣರ ದೊರೆ ಅಟ್ಟಿಲನ ಹತ್ತಿರ ಕಾರ್ಯದರ್ಶಿಯಾಗಿದ್ದವನು. 475ರಲ್ಲಿ ಚಕ್ರವರ್ತಿ ಜೂಲಿಯಸ್ ನೆಪೋಸನನ್ನು ಓಡಿಸಿ, ತಾನು ಕೂರದೆ ಮಗ ರೋಮ್ಯುಲಸ್‌ನನ್ನು ಗದ್ದುಗೆಗೆ ಕೂರಿಸಿದ. ಸೈನ್ಯದಲ್ಲಿದ್ದ ಜರ್ಮನಿಕ್ ಬುಡಕಟ್ಟಿನ ಪಡೆಯವರು ಇಟಲಿಯ ಜಮೀನಿನಲ್ಲಿ ಮೂರನೇ ಒಂದು ಪಾಲು ಕೇಳಿದರು. (ಇದು ಸಿನಿಮಾದಲ್ಲೂ ಇದೆ, ಅಷ್ಟು ಮರ್ಯಾದೆ ಕೊಡೋಣ.) ಒರೆಸ್ಟೆಸ್ ಕೊಡಲಿಲ್ಲ. 476ರ ಆಗಸ್ಟಿನಲ್ಲಿ ಆ ಪಡೆಯವರ ನಾಯಕ ಓಡೊವೇಕರ್ ಅವನನ್ನು ಕೊಲ್ಲಿಸಿದ. ಸೆಪ್ಟೆಂಬರ್ 4ಕ್ಕೆ ಹುಡುಗನ ಪಟ್ಟ ಹೋಯಿತು. ಅದೂ ರೋಮ್ ನಗರದಲ್ಲಲ್ಲ, ಉತ್ತರ ಇಟಲಿಯ ರವೆನ್ನಾದಲ್ಲಿ. 402ರಿಂದಲೇ ಆಸ್ಥಾನ ಅಲ್ಲಿಗೆ ಹೋಗಿತ್ತು. ಸಿನಿಮಾದವರು ಎಲ್ಲವನ್ನೂ ರೋಮಿಗೇ ತಂದು ಬೆಂಕಿ ಹಚ್ಚಿಸಿದ್ದಾರೆ.

ನನ್ನ ಇನ್ನೊಂದು ಪ್ರಶ್ನೆ: ‘ಆ ಚಕ್ರವರ್ತಿಯನ್ನು ಸೆರೆಯಿಟ್ಟ ದ್ವೀಪ ಯಾವುದು?’ ಉತ್ತರ ಕಾಪ್ರಿ ಅಂತ ಬರೆದುಕೊಂಡಿದ್ದೆ. ಅಸಲಿಗೆ ಓಡೊವೇಕರ್‌ಗೆ ಆ ಹುಡುಗನ ವಯಸ್ಸು, ರೂಪ ನೋಡಿ ಕನಿಕರ ಬಂತಂತೆ. ವರ್ಷಕ್ಕೆ 6000 ಚಿನ್ನದ ನಾಣ್ಯ ಪಿಂಚಣಿ ಗೊತ್ತುಮಾಡಿ, ನೆಂಟರ ಜೊತೆ ಇರು ಹೋಗು ಅಂತ ದಕ್ಷಿಣ ಇಟಲಿಯ ಕಂಪಾನಿಯಾ ಸೀಮೆಗೆ ಕಳಿಸಿದ. ಸಿನಿಮಾದಲ್ಲಿ ಸೆರೆಯಿಂದ ತಪ್ಪಿಸಿಕೊಳ್ಳುವುದಕ್ಕಿಂತ ಈ ಪಿಂಚಣಿ ಕಥೆಯೇ ನನಗೆ ಜಾಸ್ತಿ ಹಿಡಿಸಿತು. ಒಂದು ಸಾಮ್ರಾಜ್ಯ ಪೆನ್ಷನ್ ಆರ್ಡರಿನಲ್ಲಿ ಮುಗಿಯಿತು ಅಂದ್ರೆ ಯಾರು ನಂಬ್ತಾರೆ? ಆದರೆ ಅದರಲ್ಲಿ ಫೈಟ್ ಇಲ್ಲ, ಏನು ಮಾಡೋದು.

ಸಿನಿಮಾ ಅಲ್ಲಿಗೆ ನಿಲ್ಲುವುದೂ ಇಲ್ಲ. ಹುಡುಗನನ್ನು ಬಿಡಿಸಿಕೊಂಡು ಬ್ರಿಟನ್ನಿಗೆ ಹೋಗುತ್ತಾರೆ. ಅಲ್ಲಿ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರ ಒಂಬತ್ತನೇ ಲೀಜನ್ (ಲೀಜನ್ ಅಂದ್ರೆ ರೋಮಿನ ದೊಡ್ಡ ಸೇನಾ ತುಕಡಿ) ಕಾಯುತ್ತಿರುತ್ತದೆ. ಆ ಲೀಜನ್ ದಾಖಲೆಗಳಿಂದ ಕಾಣೆಯಾದದ್ದು ಎರಡನೇ ಶತಮಾನದಲ್ಲೇ. 476ರ ಹೊತ್ತಿಗೆ ರೋಮಿನ ಆಡಳಿತ ಬ್ರಿಟನ್ ಬಿಟ್ಟು ಹೋಗಿ 60 ವರ್ಷ ದಾಟಿತ್ತು. ಕೊನೆಗೆ ಜೂಲಿಯಸ್ ಸೀಸರನ ಕತ್ತಿಯೇ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕತ್ತಿ, ಹುಡುಗನ ಗುರುವೇ ಆ ಕಥೆಯ ಮಾಂತ್ರಿಕ ಮೆರ್ಲಿನ್ ಅಂತ ಬರುತ್ತದೆ. ಅಜ್ಜಿ ಕಥೆ ಅಂದುಕೊಂಡರೆ ತಕರಾರಿಲ್ಲ. ನಾನು ಅದನ್ನೂ ಪ್ರಶ್ನೆ ಮಾಡಿದ್ದೆ! ಪುಣ್ಯಕ್ಕೆ ಅಷ್ಟು ಹೊತ್ತಿಗೆ ಟೈಮ್ ಆಗಿತ್ತು.

ಐಶ್ವರ್ಯಾ ಅವರದು ಮೀರಾ ಪಾತ್ರ. ಪೂರ್ವ ರೋಮಿನ (ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಇನ್ನೊಂದು ಅರ್ಧ) ಪರವಾಗಿ ಹೋರಾಡುವ ಕೇರಳದ ಹೆಣ್ಣು, ಅಲ್ಲಿನ ಸಮರಕಲೆ ಕಳರಿಪಯಟ್ಟು ಬಲ್ಲವಳು. ಕಾದಂಬರಿಯಲ್ಲಿ ಆ ಜಾಗದಲ್ಲಿರುವುದು ಲಿವಿಯಾ ಎಂಬ ಇಟಲಿಯ ಹೆಣ್ಣು. ಕೇರಳಕ್ಕೂ ರೋಮಿಗೂ ನಂಟೇ ಇರಲಿಲ್ಲ ಅಂತಲ್ಲ. 408ರಲ್ಲಿ ಗಾಥ್ ಜನರ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿದಾಗ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3000 ಪೌಂಡ್ ಕರಿಮೆಣಸನ್ನೂ ಕೇಳಿದ್ದ. ಇನ್ನೂ ಹತ್ತಿರದ್ದು ಬೇಕಾ? ಸಿನಿಮಾದಲ್ಲಿ ಕಾಪ್ರಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಅರಮನೆ ಬರುತ್ತದಲ್ಲ, ಅದೇ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದೆ. ಕ್ವಿಜ್‌ಗೆ ಇದನ್ನು ಕೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಹಾಗಾಗಿ ಮಕ್ಕಳಿಗೆ ಕ್ವಿಜ್ ಮಾಡಿಸುವವರು, ಪರೀಕ್ಷೆಗೆ ಓದುವವರು ಇದರಿಂದ ನೋಟ್ಸ್ ಬರೆದುಕೊಳ್ಳಬೇಡಿ. ಕಡಲೆಕಾಯಿ ತಿನ್ನುತ್ತಾ ನೋಡಿ, ಪೆನ್ನು ದೂರ ಇಡಿ.

ಮುಂದಿನ ಭಾನುವಾರ ಮೊದಲ ಬಹುಮಾನದಂಥದೇ ಇನ್ನೊಂದು ಪೆನ್ ಸೆಟ್ ತಂದು ಆ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಕಾಫಿ ಕೊಟ್ಟರು. ‘ತಪ್ಪು ನಂದೇ ಪುಟ್ಟಾ, ಒಂದು ಸಿನಿಮಾ ನೋಡಿ ಆ ಇಸವಿ ಬರ್ಕೊಂಡಿದ್ದೆ’ ಅಂದೆ.

‘ಗೊತ್ತಾಯ್ತು ಅಂಕಲ್’ ಅಂದಳು. ‘ಆ ಸಿನಿಮಾ ನಾನೂ ನೋಡಿದೀನಿ. ನೀವು ಕಾಪ್ರಿ ಅಂದಾಗ್ಲೇ ಡೌಟ್ ಬಂತು.’